ಯಾರ ಕೋಶ, ಯಾರ ಪ್ರಾಣ: ಕ್ಯಾನ್ಸರಿನ ಎದುರು ಆಕರಕೋಶಗಳ ಏಳು ದಶಕ

1958ರ ಅಕ್ಟೋಬರ್ 15. ಅಂದಿನ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡಿನ ಹೊರವಲಯದ ವಿಂಚಾ ಅಣು ಸಂಶೋಧನಾ ಸಂಸ್ಥೆ. ಭಾರಜಲದ ಒಂದು ಸಣ್ಣ ರಿಯಾಕ್ಟರ್ ಬಳಿ ಆರು ಮಂದಿ ಯುವಕ ಯುವತಿಯರು ಪ್ರಯೋಗದಲ್ಲಿ ಮುಳುಗಿದ್ದರು. ರಿಯಾಕ್ಟರಿನ ಸುತ್ತ ರಕ್ಷಣೆಯ ಗೋಡೆ ಇರಲಿಲ್ಲ. ಅಳತೆಯ ಉಪಕರಣವೊಂದು ಕೈಕೊಟ್ಟಿದ್ದರಿಂದ ಒಳಗಿನ ಕ್ರಿಯೆ ಹತೋಟಿ ಮೀರಿದ್ದು ಗೊತ್ತಾಗಲಿಲ್ಲ. ಗಾಳಿಯಲ್ಲಿ ಓಜೋನ್ ವಾಸನೆ ಬಂದಾಗ ಒಬ್ಬರಿಗೆ ಅನುಮಾನ ಬಂತು, ಕೂಡಲೇ ರಿಯಾಕ್ಟರ್ ನಿಲ್ಲಿಸಿದರು. ಅಷ್ಟರಲ್ಲಿ ವಿಕಿರಣ ಆರೂ ಜನರ ಮೈಯನ್ನು ಹಾದುಹೋಗಿತ್ತು.

ಅವರನ್ನು ಪ್ಯಾರಿಸ್ಸಿನ ಕ್ಯೂರಿ ಆಸ್ಪತ್ರೆಗೆ ಸಾಗಿಸಲಾಯಿತು. ಕೆಲವು ದಿನ ಮೇಲ್ನೋಟಕ್ಕೆ ಏನೂ ಆಗಿಲ್ಲವೆಂಬಂತೆ ಇದ್ದರು. ಆಮೇಲೆ ಕೂದಲು ಉದುರಿತು, ಬಿಳಿ ರಕ್ತಕಣಗಳು ದಿನೇದಿನೇ ಇಳಿದವು. ರಕ್ತವನ್ನು ಹುಟ್ಟಿಸುವ ಅಸ್ಥಿಮಜ್ಜೆಯೇ ಬೆಂದುಹೋಗಿತ್ತು. ಚಿಕಿತ್ಸೆಯ ಹೊಣೆ ಹೊತ್ತವರು ಜಾರ್ಜ್ ಮತೇ ಎಂಬ ವೈದ್ಯರು. ಅದುವರೆಗೆ ಇಲಿಗಳಲ್ಲಷ್ಟೇ ನೆಚ್ಚಿಕೆಯಿಂದ ಕೆಲಸ ಮಾಡಿದ್ದ ಉಪಾಯವೊಂದನ್ನು ಅವರು ಕೈಗೆತ್ತಿಕೊಂಡರು: ಬೇರೆಯವರ ಮೂಳೆಯೊಳಗಿನ ಮಜ್ಜೆಯನ್ನು ತೆಗೆದು ರೋಗಿಯ ರಕ್ತನಾಳಕ್ಕೆ ಹರಿಸುವುದು. ಫ್ರಾನ್ಸಿನ ಕೆಲವರು ತಮಗೆ ಮುಖಪರಿಚಯವೂ ಇಲ್ಲದ, ಭಾಷೆಯೂ ತಿಳಿಯದ ಪರದೇಶಿಗಳಿಗಾಗಿ ಅರಿವಳಿಕೆ ತೆಗೆದುಕೊಂಡು ಮಲಗಿದರು. ಐವರಿಗೆ ಮಜ್ಜೆ ಕೊಡಲಾಯಿತು. ಒಬ್ಬರು ತೀರಿಕೊಂಡರು, ಉಳಿದವರು ಊರಿಗೆ ಮರಳಿದರು. ಅವರಲ್ಲಿ ಒಬ್ಬಾಕೆ ಮುಂದೆ ಆರೋಗ್ಯವಂತ ಮಗುವಿನ ತಾಯಿಯಾದಳು.

ಕಸಿ ಮಾಡಿದ ಮಜ್ಜೆ ಅವರ ಮೈಯಲ್ಲಿ ಶಾಶ್ವತವಾಗಿ ನೆಲೆಯೂರಲಿಲ್ಲ. ಸ್ವಲ್ಪ ಕಾಲ ಆಸರೆಯಾಗಿ, ಸ್ವಂತ ಮಜ್ಜೆ ಚೇತರಿಸಿಕೊಂಡ ಮೇಲೆ ಮರೆಯಾಯಿತು. ಬದುಕಿಸಿದ್ದು ಕಸಿಯೇ, ಅಲ್ಲವೇ ಎಂಬ ವಾದ ವೈದ್ಯರಲ್ಲಿ ಬಹುಕಾಲ ನಡೆಯಿತು. ಆದರೂ ಒಬ್ಬರ ಜೀವಕೋಶ ಇನ್ನೊಬ್ಬರಿಗೆ ಔಷಧಿಯಾಗಬಲ್ಲದು ಎಂಬ ಯೋಚನೆ ಇಲಿಯ ಬೋನಿನಿಂದ ಆಸ್ಪತ್ರೆಯ ಹಾಸಿಗೆಗೆ ಬಂದಾಗಿತ್ತು. ಇಂದು ಆಕರಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ, ಪ್ರಯೋಗಾಲಯದಲ್ಲಿ ರೋಗನಿರೋಧಕ ಕೋಶಗಳನ್ನು ಬೆಳೆಸಿ ಕ್ಯಾನ್ಸರ್ ರೋಗಿಗೆ ಕೊಡುವ ಪ್ರಯತ್ನ ನಡೆದಿದೆ. ಈ ಏಳು ದಶಕಗಳ ದಾರಿಯ ಉದ್ದಕ್ಕೂ ವಿಜ್ಞಾನಿಗಳು ಮತ್ತೆ ಮತ್ತೆ ಎದುರಾದದ್ದು ಒಂದೇ ಪ್ರಶ್ನೆಗೆ: ರೋಗಿಯನ್ನು ಉಳಿಸುವ ಆ ಕೋಶ ಯಾರದ್ದಾಗಿರಬೇಕು?

ಬಾಂಬಿನ ನಂತರದ ವರ್ಷಗಳು

1945ರಲ್ಲಿ ಹಿರೋಶಿಮಾ ಮತ್ತು ನಾಗಸಾಕಿಯಲ್ಲಿ ಬಾಂಬಿನ ಹೊಡೆತಕ್ಕೆ ಸಿಕ್ಕೂ ಬದುಕಿದ್ದ ಸಾವಿರಾರು ಜನ ವಾರಗಳ ನಂತರ ರಕ್ತಸ್ರಾವದಿಂದ, ಸೋಂಕಿನಿಂದ ಸತ್ತರು. ವಿಕಿರಣಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗುವುದು ಮಜ್ಜೆ ಎಂಬುದು ಆಗ ಮನದಟ್ಟಾಯಿತು. ನಾಲ್ಕು ವರ್ಷಗಳ ಬಳಿಕ ಶಿಕಾಗೋದಲ್ಲಿ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮಕ್ಕಷ್ಟೇ ಸೀಸದ ಹೊದಿಕೆ ಕಟ್ಟಿ ಉಳಿದ ಮೈಗೆ ಮಾರಕ ಪ್ರಮಾಣದ ವಿಕಿರಣ ಹಾಯಿಸಿದರು. ಇಲಿ ಬದುಕಿತು. ಆ ಪುಟ್ಟ ಅಂಗದೊಳಗೆ ಇಡೀ ರಕ್ತವನ್ನು ಮತ್ತೆ ಕಟ್ಟಬಲ್ಲ ಏನೋ ಒಂದು ಇತ್ತು.

ಇದನ್ನೇ ಹಿಡಿದು ಹೊರಟವರಲ್ಲಿ ಡೊನಾಲ್ ಥಾಮಸ್ ಒಬ್ಬರು. ಅವರ ಲೆಕ್ಕಾಚಾರ ನೇರವಾಗಿತ್ತು. ರಕ್ತ ಕ್ಯಾನ್ಸರ್ ಹುಟ್ಟುವುದೇ ಮಜ್ಜೆಯಲ್ಲಿ. ಹಾಗಾದರೆ ವಿಕಿರಣ ಮತ್ತು ಔಷಧಿಯಿಂದ ರೋಗಿಯ ಮಜ್ಜೆಯನ್ನು ಪೂರ್ತಿ ಅಳಿಸಿ, ಆರೋಗ್ಯವಂತರ ಮಜ್ಜೆಯನ್ನು ಅಲ್ಲಿ ನೆಟ್ಟರೆ? ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವರು ಆರು ರೋಗಿಗಳಿಗೆ ಹೀಗೆ ಮಾಡಿ, 1957ರಲ್ಲಿ ವರದಿ ಪ್ರಕಟಿಸಿದರು. ನೂರು ದಿನ ದಾಟಿ ಬದುಕಿದವರು ಒಬ್ಬರೂ ಇಲ್ಲ. ವಿಫಲವಾದ ಚಿಕಿತ್ಸೆಯೊಂದನ್ನು ಮುಚ್ಚಿಡದೆ, ವಿವರವಾಗಿ ದಾಖಲಿಸಿ, ನಾಳೆ ಬರುವವರಿಗೆ ಬಿಟ್ಟುಕೊಟ್ಟ ಆ ಪ್ರಾಮಾಣಿಕತೆಯ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಜೇಕಬ್‌ಸನ್ನರ ಇಲಿಯೊಳಗಿದ್ದ ಆ 'ಏನೋ ಒಂದು' ಕೈಗೆ ಸಿಕ್ಕಿದ್ದು ಟೊರೊಂಟೊದಲ್ಲಿ. ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕ್‌ಕಲಕ್ ಜೊತೆಗೂಡಿ, ವಿಕಿರಣ ತಗುಲಿದ ಇಲಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮಜ್ಜೆ ಚುಚ್ಚುತ್ತಿದ್ದರು. ಒಂದು ಭಾನುವಾರ ಮೆಕ್‌ಕಲಕ್ ಲ್ಯಾಬಿಗೆ ಬಂದು, ಚುಚ್ಚಿ ಹತ್ತು ದಿನವಾಗಿದ್ದ ಇಲಿಗಳನ್ನು ಪರೀಕ್ಷಿಸಿದಾಗ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಕಂಡವು. ಎಣಿಸಿ ನೋಡಿದರೆ, ಚುಚ್ಚಿದ ಕೋಶಗಳು ಹೆಚ್ಚಿದಂತೆ ಗಂಟುಗಳೂ ಅದೇ ಲೆಕ್ಕದಲ್ಲಿ ಹೆಚ್ಚಿದ್ದವು. ಗಂಟುಗಳೊಳಗೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳನ್ನು ಕೊಡುವ ಕೋಶಗಳಿದ್ದವು. 1961ರಲ್ಲಿ ಇದನ್ನು ಪ್ರಕಟಿಸಿ, ಎರಡು ವರ್ಷಗಳಲ್ಲಿ ಒಂದೊಂದು ಗಂಟೂ ಒಂದೇ ಕೋಶದ ಸಂತಾನವೆಂದು ತೋರಿಸಿಕೊಟ್ಟರು. ತನ್ನಂಥದ್ದನ್ನೇ ಮತ್ತೆ ಹುಟ್ಟಿಸಿಕೊಳ್ಳುವ, ಜೊತೆಗೆ ಬೇರೆ ಬೇರೆ ಬಗೆಯ ಕೋಶಗಳಾಗಿಯೂ ಬೆಳೆಯುವ ಈ ಮೂಲವೇ ಆಕರಕೋಶ.

ಕಸಿಯೊಳಗಿದ್ದ ಎರಡನೆಯ ಔಷಧಿ

ಅರವತ್ತರ ದಶಕದಲ್ಲಿ ಮಜ್ಜೆಯ ಕಸಿ ಸೋಲಿನ ಮೇಲೆ ಸೋಲು ಕಂಡಿತು. ಕೆಲವರ ಮೈ ಹೊಸ ಮಜ್ಜೆಯನ್ನು ತಿರಸ್ಕರಿಸಿತು. ಕಸಿ ಹಿಡಿದವರಲ್ಲಿ ಅದಕ್ಕಿಂತ ಭೀಕರವಾದದ್ದು ನಡೆಯಿತು: ಹೊಸ ಮಜ್ಜೆಯಲ್ಲಿದ್ದ ದಾನಿಯ ರೋಗನಿರೋಧಕ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತನ್ನೇ ಪರಕೀಯವೆಂದು ಬಗೆದು ದಾಳಿ ಮಾಡಿದವು. ಬಹಳಷ್ಟು ವೈದ್ಯರು ಈ ಕ್ಷೇತ್ರವನ್ನೇ ಬಿಟ್ಟರು. ಥಾಮಸ್ ಬಿಡಲಿಲ್ಲ. ನಾಯಿಗಳ ಮೇಲಿನ ಪ್ರಯೋಗಕ್ಕೆ ಮರಳಿ ವರ್ಷಗಟ್ಟಲೆ ದುಡಿದರು. ಹೆಂಡತಿ ಡಾಟಿ ಲ್ಯಾಬಿನ ಕೆಲಸದಿಂದ ಹಿಡಿದು ಬರವಣಿಗೆಯವರೆಗೆ ಹೆಗಲು ಕೊಟ್ಟರು. ಅಷ್ಟರಲ್ಲಿ ದಾನಿ ಮತ್ತು ರೋಗಿಯ ಕೋಶಗಳ ಹೊರಮೈಯಲ್ಲಿರುವ ಗುರುತಿನ ಪ್ರೋಟೀನುಗಳನ್ನು ಹೋಲಿಸಿ ನೋಡುವ ಪರೀಕ್ಷೆ ಬಂತು. ಒಡಹುಟ್ಟಿದವರಲ್ಲಿ ನಾಲ್ವರಲ್ಲಿ ಒಬ್ಬರದು ಹೊಂದುವ ಸಾಧ್ಯತೆ ಇತ್ತು. 1977ರಲ್ಲಿ ಥಾಮಸರ ಸಿಯಾಟಲ್ ತಂಡ, ಬೇರೆಲ್ಲ ಚಿಕಿತ್ಸೆ ಕೈಬಿಟ್ಟಿದ್ದ 100 ಲ್ಯುಕೇಮಿಯಾ ರೋಗಿಗಳ ಲೆಕ್ಕ ಕೊಟ್ಟಿತು. ಅವರಲ್ಲಿ 13 ಮಂದಿ ರೋಗವಿಲ್ಲದೆ ಬದುಕಿದ್ದರು. ಸಾಯುವುದೇ ಖಚಿತ ಎಂದಿದ್ದ ನೂರು ಜನರಲ್ಲಿ ಹದಿಮೂರು ಎಂಬುದು ಅಂದಿಗೆ ದೊಡ್ಡ ಸಂಖ್ಯೆ.

ಇದೇ ರೋಗಿಗಳ ಕಡತಗಳನ್ನು ತಿರುವಿ ನೋಡುವಾಗ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಿಗೆ ಕಸಿಯ ತೊಂದರೆ ಇರಲಿಲ್ಲ. ಆದರೆ ಕ್ಯಾನ್ಸರ್ ಮರುಕಳಿಸುವುದು ಅವರಲ್ಲೇ ಹೆಚ್ಚು. ದಾನಿಯ ಕೋಶಗಳ ದಾಳಿಗೆ ತುತ್ತಾಗಿ ನರಳಿದವರಲ್ಲಿ ಮರುಕಳಿಸುವುದು ಕಡಿಮೆ. 1979ರಲ್ಲಿ ಸಿಯಾಟಲ್‌ನವರು ಇದನ್ನು ಪ್ರಕಟಿಸಿದಾಗ ಮಜ್ಜೆಯ ಕಸಿಯ ಅರ್ಥವೇ ಬದಲಾಯಿತು. ಕ್ಯಾನ್ಸರನ್ನು ಕೊಲ್ಲುತ್ತಿದ್ದುದು ವಿಕಿರಣ ಒಂದೇ ಅಲ್ಲ. ದಾನಿಯ ರೋಗನಿರೋಧಕ ಕೋಶಗಳೂ ಕೊಲ್ಲುತ್ತಿದ್ದವು. 1990ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹಾನ್ಸ್ ಯೋಖೆಮ್ ಕೋಲ್ಬ್, ಕಸಿಯ ನಂತರ ಲ್ಯುಕೇಮಿಯಾ ಮರಳಿ ಬಂದಿದ್ದ ಮೂವರಿಗೆ ದಾನಿಯ ಬಿಳಿ ರಕ್ತಕಣಗಳನ್ನೇ ನೇರವಾಗಿ ಕೊಟ್ಟರು. ರೋಗ ಹಿಮ್ಮೆಟ್ಟಿತು. ಅದೇ ವರ್ಷ ಥಾಮಸರಿಗೆ ನೊಬೆಲ್ ಬಂತು.

ಭಾರತ ಇದರಲ್ಲಿ ಬಹಳ ಹಿಂದೆ ಉಳಿದಿರಲಿಲ್ಲ. 1983ರಲ್ಲೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರ ತಂಡ ಲ್ಯುಕೇಮಿಯಾ ಇದ್ದ ಒಂಬತ್ತು ವರ್ಷದ ಹುಡುಗಿಗೆ ಮಜ್ಜೆಯ ಕಸಿ ಮಾಡಿ ಗೆದ್ದಿತು. ಮೂರು ವರ್ಷಗಳ ನಂತರ ವೆಲ್ಲೂರಿನ ಸಿಎಂಸಿಯಲ್ಲೂ ಕಸಿ ಶುರುವಾಯಿತು.

ಹೇಳಿಕೊಡದೆಯೂ ಕೊಲ್ಲುವ ಕೋಶ

ಈ ನಡುವೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು ಎಳೆ ಬಿಚ್ಚಿಕೊಂಡಿತ್ತು. ರೋಗನಿರೋಧಕ ಕೋಶಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆಯೇ ಎಂದು ಅಳೆಯಲು ಆಗ ಒಂದು ಪರೀಕ್ಷೆ ಬಳಕೆಯಲ್ಲಿತ್ತು. ಕ್ಯಾನ್ಸರ್ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ ಕುಡಿಸಿ, ಅವನ್ನು ಬಿಳಿ ರಕ್ತಕಣಗಳೊಂದಿಗೆ ಕೆಲವು ಗಂಟೆ ಬಿಡಬೇಕು. ಕೊಲೆಯಾದ ಕೋಶ ಒಡೆದು ಕ್ರೋಮಿಯಂ ದ್ರವಕ್ಕೆ ಸೋರುತ್ತದೆ. ಆ ದ್ರವವನ್ನು ಯಂತ್ರದಲ್ಲಿಟ್ಟರೆ ಎಷ್ಟು ಕೋಶ ಸತ್ತವೆಂದು ಗೊತ್ತಾಗುತ್ತದೆ. ಮೊದಲೇ ಆ ಕ್ಯಾನ್ಸರಿನ ಪರಿಚಯ ಮಾಡಿಸಿದ ಇಲಿಯ ಕಣಗಳು ಮಾತ್ರ ಕೊಲ್ಲಬೇಕು ಎಂಬುದು ಅಂದಿನ ತಿಳಿವಳಿಕೆ. ಆದರೆ ಯಾವ ಪರಿಚಯವೂ ಇಲ್ಲದ ಇಲಿಯ ಕಣಗಳೂ ಕೊಲ್ಲುತ್ತಿದ್ದವು. ಹಲವರು ಇದನ್ನು ಪರೀಕ್ಷೆಯ ದೋಷವೆಂದು ತಳ್ಳಿಹಾಕಿದ್ದರು. ಕರೋಲಿನ್ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹಾನ್ಸ್ ವಿಗ್ಜೆಲ್ ಅದನ್ನು ತಳ್ಳಿಹಾಕದೆ ಬೆನ್ನುಹತ್ತಿದರು. ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್ ತಂಡವೂ ಅದನ್ನೇ ಕಂಡಿತು. 1975ರಲ್ಲಿ ಈ ಹೊಸ ಕೋಶಕ್ಕೆ 'ನ್ಯಾಚುರಲ್ ಕಿಲ್ಲರ್' ಎಂಬ ಹೆಸರು ಬಂತು. ವೈದ್ಯರ ಬಾಯಲ್ಲಿ ಇದು ಎನ್‌ಕೆ ಕೋಶ.

ಇದು ಗೆಳೆಯ ಯಾರು, ವೈರಿ ಯಾರು ಎಂದು ಹೇಗೆ ತಿಳಿಯುತ್ತದೆ? ಅದೇ ಸಂಸ್ಥೆಯ ಕ್ಲಾಸ್ ಕಾರೆ ಎಂಬತ್ತರ ದಶಕದಲ್ಲಿ ಉತ್ತರ ಕಂಡುಕೊಂಡರು. ನಮ್ಮ ಮೈಯ ಕೋಶಗಳೆಲ್ಲ ಗುರುತಿನ ಪ್ರೋಟೀನುಗಳನ್ನು ಹೊರಮೈಯಲ್ಲಿ ಧರಿಸಿರುತ್ತವೆ. ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಾದ ಟಿ ಕೋಶಗಳ ಕಣ್ಣಿಗೆ ಬೀಳದಿರಲು ಕ್ಯಾನ್ಸರ್ ಕೋಶ ಎಷ್ಟೋ ಸಲ ಆ ಗುರುತನ್ನೇ ಕಳಚಿಡುತ್ತದೆ. ಗುರುತು ಇಲ್ಲದಿರುವುದೇ ಎನ್‌ಕೆ ಕೋಶಕ್ಕೆ ಕೊಲ್ಲುವ ಸೂಚನೆ. ಹೀಗಾಗಿ ಬೇರೊಬ್ಬರ ಎನ್‌ಕೆ ಕೋಶವನ್ನು ರೋಗಿಗೆ ಕೊಟ್ಟರೆ ಅದು ಟಿ ಕೋಶದಂತೆ ರೋಗಿಯ ಚರ್ಮ, ಕರುಳುಗಳ ಮೇಲೆ ಬೀಳುವುದಿಲ್ಲ. 2005ರಲ್ಲಿ ಮಿನೆಸೋಟಾದ ಜೆಫ್ರಿ ಮಿಲ್ಲರ್, ಬೇರೆ ದಾರಿ ಉಳಿದಿರದ 19 ಲ್ಯುಕೇಮಿಯಾ ರೋಗಿಗಳಿಗೆ ಅರ್ಧವಷ್ಟೇ ಹೊಂದುವ ಬಂಧುಗಳ ಎನ್‌ಕೆ ಕೋಶಗಳನ್ನು ಕೊಟ್ಟರು. ಐವರಲ್ಲಿ ರೋಗ ಪೂರ್ತಿ ಮರೆಯಾಯಿತು. ಪರರ ಕೋಶ ಪರೀಕ್ಷೆಯಲ್ಲಿ ಪಾಸಾಗಿತ್ತು. ಆದರೆ ಒಬ್ಬ ದಾನಿಯಿಂದ ಸಿಗುವ ಕೋಶಗಳು ಕಡಿಮೆ, ಅವು ರೋಗಿಯ ಮೈಯಲ್ಲಿ ಉಳಿಯುವ ಕಾಲವೂ ಕಡಿಮೆ.

ಫಿಲಡೆಲ್ಫಿಯಾದ ಮಗು

ಟಿ ಕೋಶದ ಕಡೆ ದೊಡ್ಡ ತಿರುವು ಬಂದದ್ದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ. 1989ರಲ್ಲಿ ಜೆಲಿಗ್ ಎಶ್ಹಾರ್ ಮತ್ತು ಸಂಗಡಿಗರು ಪ್ರತಿಕಾಯದ ಹಿಡಿಯುವ ತುದಿಯನ್ನು ಟಿ ಕೋಶದ ಗ್ರಾಹಕಕ್ಕೆ ಜೋಡಿಸಿದರು. ತಾವು ಹೇಳಿದ ಗುರಿಯನ್ನೇ ಹುಡುಕಿ ಕೊಲ್ಲುವ ಟಿ ಕೋಶ ಅವರ ಕೈಗೆ ಬಂತು. ಮುಂದೆ ಇದಕ್ಕೆ 'ಕಾರ್' ಎಂಬ ಹೆಸರು ನಿಂತಿತು. ನ್ಯೂಯಾರ್ಕಿನ ಮಿಶೆಲ್ ಸಾದ್ಲೆನ್ ಗುರಿಯಾಗಿ ಸಿಡಿ19 ಎಂಬ ಪ್ರೋಟೀನನ್ನು ಆರಿಸಿಕೊಂಡರು. ಲ್ಯುಕೇಮಿಯಾದ ಬಿ ಕೋಶಗಳೆಲ್ಲ ಇದನ್ನು ಹೊತ್ತಿರುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್, ನಿಶ್ಶಕ್ತಗೊಳಿಸಿದ ಎಚ್‌ಐವಿ ವೈರಸ್ಸನ್ನೇ ವಾಹನ ಮಾಡಿಕೊಂಡು ಈ ಕಾರ್ ಜೀನನ್ನು ಟಿ ಕೋಶಕ್ಕೆ ಸೇರಿಸಿದರು. ಕ್ಯಾನ್ಸರ್ ಎಂದರೇನೆಂದು ಅವರು ಮನೆಯಲ್ಲೇ ಕಂಡವರು. ಪತ್ನಿ 2001ರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

2012ರ ಏಪ್ರಿಲ್‌ನಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ ಬಂದಳು. ಲ್ಯುಕೇಮಿಯಾ ಎರಡು ಸಲ ಮರುಕಳಿಸಿತ್ತು. ಅವಳದೇ ಟಿ ಕೋಶಗಳನ್ನು ತೆಗೆದು, ಕಾರ್ ಜೋಡಿಸಿ, ಮರಳಿ ಕೊಟ್ಟರು. ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ಕೆಲವೇ ದಿನಗಳಲ್ಲಿ ಜ್ವರ ನೆತ್ತಿಗೇರಿತು, ರಕ್ತದೊತ್ತಡ ಕುಸಿಯಿತು, ಉಸಿರಾಟ ವೆಂಟಿಲೇಟರಿನ ಪಾಲಾಯಿತು. ಬದುಕುವುದು ಕಷ್ಟ ಎಂದು ಮನೆಯವರಿಗೆ ಹೇಳಿಯಾಗಿತ್ತು. ರಕ್ತಪರೀಕ್ಷೆಯಲ್ಲಿ ಐಎಲ್-6 ಎಂಬ ಪ್ರೋಟೀನು ವಿಪರೀತ ಏರಿರುವುದು ಕಂಡಿತು. ಜೂನ್ ಅವರ ಮಗಳಿಗೆ ಬಾಲ್ಯದ ಸಂಧಿವಾತ ಇತ್ತು. ಆ ಕಾಯಿಲೆಗೆ ಬಂದಿದ್ದ ಟೊಸಿಲಿಜುಮ್ಯಾಬ್ ಎಂಬ ಔಷಧಿ ಐಎಲ್-6ನ ಕೆಲಸವನ್ನೇ ತಡೆಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಡಾ. ಸ್ಟೀಫನ್ ಗ್ರುಪ್ ತಂಡ ಅದನ್ನು ಕೊಟ್ಟಿತು. ಗಂಟೆಗಳೊಳಗೆ ಜ್ವರ ಇಳಿಯಿತು. ಏಳನೇ ಹುಟ್ಟುಹಬ್ಬದ ದಿನ ಎಮಿಲಿ ಕಣ್ಣು ಬಿಟ್ಟಳು. 2022ರಲ್ಲಿ ಅವಳು ಕ್ಯಾನ್ಸರ್ ಇಲ್ಲದೆ ಹತ್ತು ವರ್ಷ ಪೂರೈಸಿದಳು.

2017ರ ಆಗಸ್ಟ್ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ ಕಿಮ್ರಾಯಾ ಎಂಬ ಹೆಸರಿನಲ್ಲಿ ಅನುಮತಿ ಕೊಟ್ಟಿತು. ಬೆಲೆ 4,75,000 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ₹3 ಕೋಟಿ. ಇಷ್ಟು ದುಬಾರಿಯಾಗಲು ಮುಖ್ಯ ಕಾರಣ, ಒಬ್ಬೊಬ್ಬ ರೋಗಿಗೂ ಅವರವರ ಕೋಶದಿಂದಲೇ ಬೇರೆ ಬೇರೆಯಾಗಿ ಔಷಧಿ ತಯಾರಿಸಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ಆ ವಾರಗಳನ್ನು ಕಾಯಲಾರದೆ ಸತ್ತವರಿದ್ದಾರೆ. ಕೀಮೋಥೆರಪಿಯಲ್ಲಿ ಬಸವಳಿದ ಮೈಯಿಂದ ಕೆಲಸಕ್ಕೆ ಬರುವ ಟಿ ಕೋಶವೇ ಸಿಗದ ರೋಗಿಗಳಿದ್ದಾರೆ. ಪರರ ಟಿ ಕೋಶ ಮೈಗೆ ಒಗ್ಗದು, ಸ್ವಂತ ಕೋಶ ಕೈಗೆ ಎಟುಕದು ಎಂಬಲ್ಲಿಗೆ ಬಂದು ನಿಂತಿತು ವೈದ್ಯಕೀಯ.

ಕ್ಯೋಟೋದ ನಾಲ್ಕು ಜೀನುಗಳು

ದಾರಿ ತೆರೆದದ್ದು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಒಂದು ಲ್ಯಾಬಿನಲ್ಲಿ. ಬೆಳೆದ ಕೋಶ ತನ್ನ ಹಾದಿಯಲ್ಲಿ ಹಿಂದಕ್ಕೆ ಹೋಗಬಲ್ಲದೇ ಎಂಬ ಪ್ರಶ್ನೆ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್, ಕಪ್ಪೆಯ ಕರುಳಿನ ಕೋಶದ ಕೇಂದ್ರವನ್ನು ತತ್ತಿಗೆ ಹಾಕಿ ಗೊದಮೊಟ್ಟೆ ಬೆಳೆಸಿದ್ದರು. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶ ಬೇರ್ಪಡಿಸಿದರು. ಮೈಯ ಯಾವ ಕೋಶವಾಗಿಯಾದರೂ ಬೆಳೆಯಬಲ್ಲ ಕೋಶ ಅದು. ಆದರೆ ಭ್ರೂಣವನ್ನು ಬಳಸುವ ನೈತಿಕ ಪ್ರಶ್ನೆ ದೊಡ್ಡ ವಿವಾದವಾಯಿತು.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕಾ ಮೂಳೆ ಶಸ್ತ್ರಚಿಕಿತ್ಸೆ ಕಲಿತು ಸಂಶೋಧನೆಗೆ ಬಂದವರು. ಭ್ರೂಣದ ಆಕರಕೋಶಗಳಲ್ಲಿ ಕೆಲಸ ಮಾಡುವ 24 ಜೀನುಗಳನ್ನು ಅವರು ಆರಿಸಿ ಪಟ್ಟಿ ಮಾಡಿದರು. ಸಹೋದ್ಯೋಗಿ ಕಝುತೋಶಿ ತಕಾಹಾಶಿ ಇಲಿಯ ಚರ್ಮದ ಕೋಶಗಳಿಗೆ ಅವನ್ನು ಒಂದೊಂದಾಗಿ ಸೇರಿಸಿದರು. ಏನೂ ಆಗಲಿಲ್ಲ. ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಸೇರಿಸಿದಾಗ ತಟ್ಟೆಯಲ್ಲಿ ಆಕರಕೋಶದಂಥ ಗುಂಪುಗಳು ಕಾಣಿಸಿಕೊಂಡವು. ಆಮೇಲೆ ಒಂದೊಂದೇ ಜೀನನ್ನು ಬಿಟ್ಟು ಮತ್ತೆ ಮತ್ತೆ ಪ್ರಯೋಗ ಮಾಡುತ್ತ ಹೋದರು. ಯಾವುದನ್ನು ಬಿಟ್ಟರೆ ಕೆಲಸ ಕೆಡುತ್ತದೆಯೋ ಅದು ಬೇಕಾದದ್ದು. ಕೊನೆಗೆ ಉಳಿದವು ನಾಲ್ಕೇ ನಾಲ್ಕು: ಆಕ್ಟ್3/4, ಸಾಕ್ಸ್2, ಕೆಎಲ್ಎಫ್4 ಮತ್ತು ಸಿ-ಮಿಕ್. 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಇದು ನಡೆಯಿತು. ಭ್ರೂಣವಿಲ್ಲದೆ, ಯಾರದೇ ಚರ್ಮದಿಂದ ಅಥವಾ ರಕ್ತದಿಂದ ಮಾಡಬಲ್ಲ ಈ ಕೋಶಗಳಿಗೆ ಐಪಿಎಸ್ ಕೋಶ ಎಂದು ಹೆಸರು. 2012ರ ನೊಬೆಲ್ ಪ್ರಶಸ್ತಿಯನ್ನು ಗರ್ಡನ್ ಮತ್ತು ಯಮನಾಕಾ ಹಂಚಿಕೊಂಡರು.

ಅತ್ತ ಮಿನೆಸೋಟಾದಲ್ಲಿ ಡ್ಯಾನ್ ಕಾಫ್‌ಮನ್ 2005ರಲ್ಲೇ ಭ್ರೂಣದ ಆಕರಕೋಶದಿಂದ ಎನ್‌ಕೆ ಕೋಶ ಬೆಳೆಸಿದ್ದರು. 2009ರಲ್ಲಿ ಅಂಥ ಕೋಶಗಳು ಇಲಿಯಲ್ಲಿ ಮಾನವ ಕ್ಯಾನ್ಸರನ್ನು ಅಳಿಸಿದ್ದನ್ನೂ ತೋರಿಸಿದರು. ಐಪಿಎಸ್ ಕೋಶ ಬಂದ ಮೇಲೆ ಅದೇ ವಿದ್ಯೆ ಅಲ್ಲಿಗೂ ಹೊಂದಿತು. 2013ರಲ್ಲಿ ಜಪಾನಿನ ಎರಡು ತಂಡಗಳು, ಒಂದು ಹಿರೋಮಿತ್ಸು ನಕೌಚಿ ಅವರದು, ಇನ್ನೊಂದು ಹಿರೋಶಿ ಕವಾಮೊಟೊ ಅವರದು, ಬಳಲಿದ ಟಿ ಕೋಶವನ್ನು ಐಪಿಎಸ್ ಸ್ಥಿತಿಗೆ ಒಯ್ದು ಮತ್ತೆ ಟಿ ಕೋಶವಾಗಿ ಬೆಳೆಸಿದವು. ಹಳೆಯ ಗುರಿ ನೆನಪಿದ್ದೂ ಹೊಸದಾದ ಟಿ ಕೋಶಗಳು ಅವು. ಅದೇ ವರ್ಷ ಸಾದ್ಲೆನ್ ತಂಡ ಐಪಿಎಸ್ ಕೋಶದಿಂದ ಕಾರ್-ಟಿ ಕೋಶವನ್ನೇ ಹುಟ್ಟಿಸಿತು.

ಒಂದು ಕೋಶದಿಂದ ಸಾವಿರಾರು ಡೋಸು

ಈ ಕೋಶಗಳನ್ನು ಬೆಳೆಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಐಪಿಎಸ್ ಕೋಶಗಳನ್ನು ಸಣ್ಣ ಸಣ್ಣ ಉಂಡೆಗಳಾಗಿ ಒಟ್ಟುಗೂಡಿಸುತ್ತಾರೆ. ಭ್ರೂಣದಲ್ಲಿ ರಕ್ತ ಹುಟ್ಟುವಾಗ ಸಿಗುವ ಪ್ರೋಟೀನುಗಳನ್ನು ಅದೇ ಕ್ರಮದಲ್ಲಿ ಕೊಡುತ್ತಾರೆ. ಉಂಡೆಯೊಳಗೆ ರಕ್ತದ ಎಳೆಯ ಕೋಶಗಳು ಮೂಡುತ್ತವೆ. ಆಮೇಲೆ ಐಎಲ್-7, ಐಎಲ್-15 ಮುಂತಾದವನ್ನು ಸೇರಿಸಿದರೆ ವಾರಗಳಲ್ಲಿ ಅವು ಎನ್‌ಕೆ ಕೋಶಗಳಾಗಿ ಬಲಿಯುತ್ತವೆ. ಅವನ್ನು ಹೆಚ್ಚಿಸಲು ಬಳಸುವುದು ಕೆ562 ಎಂಬ ಲ್ಯುಕೇಮಿಯಾ ಕೋಶವನ್ನೇ. ಎಪ್ಪತ್ತರ ದಶಕದಿಂದ ಲ್ಯಾಬುಗಳಲ್ಲಿ ಬದುಕಿರುವ, ಎನ್‌ಕೆ ಕೋಶಗಳ ಪರೀಕ್ಷೆಗೆ ಎಲ್ಲರೂ ಬಳಸುವ ಈ ಕೋಶದ ಹೊರಮೈಗೆ ಐಎಲ್-21 ಅಂಟಿಸಿ, ಅದು ಬೆಳೆಯದಂತೆ ಮಾಡಿ ಎನ್‌ಕೆ ಕೋಶಗಳ ಜೊತೆ ಬಿಡುತ್ತಾರೆ. ಎನ್‌ಕೆ ಕೋಶಗಳು ಅದನ್ನು ಕೊಲ್ಲುತ್ತಲೇ ಸಾವಿರ ಪಟ್ಟು ಹೆಚ್ಚುತ್ತವೆ.

ಇಲ್ಲಿನ ಅನುಕೂಲ ಇಷ್ಟೇ. ಜೀನಿನ ಬದಲಾವಣೆಗಳನ್ನೆಲ್ಲ ಐಪಿಎಸ್ ಹಂತದಲ್ಲೇ ಮಾಡಬಹುದು. ಬದಲಾದ ಕೋಶಗಳಲ್ಲಿ ಎಲ್ಲ ಪರೀಕ್ಷೆಯಲ್ಲೂ ಗೆದ್ದ ಒಂದೇ ಒಂದನ್ನು ಆರಿಸಿ, ಅದರ ಸಂತಾನವನ್ನು ಸೀಸೆಗಳಲ್ಲಿ ತುಂಬಿ ದ್ರವ ಸಾರಜನಕದ ಚಳಿಯಲ್ಲಿ ಇಡುತ್ತಾರೆ. ಮನೆಯಲ್ಲಿ ಹೆಪ್ಪು ಉಳಿಸಿಕೊಂಡು ದಿನವೂ ಅದರಿಂದಲೇ ಮೊಸರು ಮಾಡುವಂತೆ, ಒಂದೊಂದು ಸೀಸೆಯಿಂದಲೂ ಒಂದೇ ಗುಣದ ಹೊಸ ಹೊಸ ತಯಾರಿ ಸಿಗುತ್ತದೆ. ರೋಗಿ ಆಸ್ಪತ್ರೆಗೆ ಬಂದ ದಿನವೇ ಔಷಧಿ ಫ್ರೀಜರಿನಲ್ಲಿ ಸಿದ್ಧವಿರುತ್ತದೆ. ಅಪಾಯವೂ ಇಲ್ಲಿಯೇ ಇದೆ. ಪೂರ್ತಿ ಬಲಿಯದ ಐಪಿಎಸ್ ಕೋಶ ನಡುವೆ ಉಳಿದುಕೊಂಡರೆ ಅದು ರೋಗಿಯ ಮೈಯಲ್ಲಿ ಗಡ್ಡೆಯಾಗಬಹುದು. ಯಮನಾಕಾ ಬಳಸಿದ ಸಿ-ಮಿಕ್ ಸ್ವತಃ ಕ್ಯಾನ್ಸರಿಗೆ ಕುಮ್ಮಕ್ಕು ಕೊಡುವ ಜೀನು. ಹೀಗಾಗಿ ಒಂದೊಂದು ತಯಾರಿಯನ್ನೂ ಹತ್ತಾರು ಪರೀಕ್ಷೆಗೆ ಒಡ್ಡದೆ ಹೊರಬಿಡುವಂತಿಲ್ಲ.

ಆಕರಕೋಶದ ಇನ್ನೊಂದು ಮೂಲ ಹೊಕ್ಕುಳಬಳ್ಳಿಯ ರಕ್ತ. 1988ರಲ್ಲಿ ಪ್ಯಾರಿಸ್ಸಿನ ಎಲಿಯಾನ್ ಗ್ಲುಕ್‌ಮನ್, ಅಮೆರಿಕದಿಂದ ಬಂದ ಹುಡುಗನೊಬ್ಬನಿಗೆ ಆಗಷ್ಟೇ ಹುಟ್ಟಿದ್ದ ತಂಗಿಯ ಹೊಕ್ಕುಳಬಳ್ಳಿ ರಕ್ತವನ್ನು ಕೊಟ್ಟು ಬದುಕಿಸಿದ್ದರು. ಹೆರಿಗೆಯ ನಂತರ ಎಸೆದುಬಿಡುತ್ತಿದ್ದ ಆ ರಕ್ತ ಅಂದಿನಿಂದ ಬ್ಯಾಂಕುಗಳಲ್ಲಿ ಜೋಪಾನವಾಗತೊಡಗಿತು. 2020ರ ಫೆಬ್ರವರಿಯಲ್ಲಿ ಹೂಸ್ಟನ್‌ನ ಎಂಡಿ ಆ್ಯಂಡರ್‌ಸನ್ ಕ್ಯಾನ್ಸರ್ ಕೇಂದ್ರದ ಕೇಟಿ ರೆಜ್ವಾನಿ, ಇಂಥ ರಕ್ತದಿಂದ ಪಡೆದ ಎನ್‌ಕೆ ಕೋಶಗಳಿಗೆ ಕಾರ್ ಜೋಡಿಸಿ 11 ರೋಗಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಎಂಟು ಮಂದಿಗೆ ಗುಣ ಕಂಡಿತು, ಏಳು ಮಂದಿಯಲ್ಲಿ ಕ್ಯಾನ್ಸರ್ ಕಾಣದಾಯಿತು. ಎಮಿಲಿಯನ್ನು ಸಾವಿನ ಅಂಚಿಗೆ ಒಯ್ದಂಥ ಜ್ವರದ ಬಿರುಗಾಳಿ ಯಾರಲ್ಲೂ ಏಳಲಿಲ್ಲ.

ಐಪಿಎಸ್ ಕೋಶದಿಂದ ಬೆಳೆಸಿದ ಎನ್‌ಕೆ ಕೋಶವನ್ನು ಅಮೆರಿಕದಲ್ಲಿ ಮೊದಲ ಬಾರಿಗೆ ಕ್ಯಾನ್ಸರ್ ರೋಗಿಗೆ ಕೊಟ್ಟದ್ದು 2019ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ. ಮಿನೆಸೋಟಾದಿಂದ ಅಲ್ಲಿಗೆ ಬಂದಿದ್ದ ಕಾಫ್‌ಮನ್ನರ ವಿದ್ಯೆ ಇದಕ್ಕೆ ತಳಹದಿ. ತಯಾರಿಸಿದ್ದು ಅದೇ ಊರಿನ ಫೇಟ್ ಥೆರಪ್ಯುಟಿಕ್ಸ್ ಕಂಪನಿ. ಆಮೇಲೆ ಬಂದ ಎಫ್‌ಟಿ596 ಎಂಬುದರಲ್ಲಿ ಸಿಡಿ19 ಗುರಿಯ ಕಾರ್ ಇತ್ತು, ಪ್ರತಿಕಾಯವನ್ನು ಗಟ್ಟಿಯಾಗಿ ಹಿಡಿಯುವ ಗ್ರಾಹಕ ಇತ್ತು, ಕೋಶ ಬಾಳಿಕೆ ಬರಲೆಂದು ಐಎಲ್-15ರ ಆಸರೆಯೂ ಇತ್ತು. 86 ಲಿಂಫೋಮಾ ರೋಗಿಗಳಲ್ಲಿ ನಡೆದ ಇದರ ಮೊದಲ ಹಂತದ ಪ್ರಯೋಗ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳು ಚಿಕಿತ್ಸೆಯನ್ನು ತಾಳಿಕೊಂಡಿದ್ದರು, ಹಲವರಲ್ಲಿ ಗಡ್ಡೆ ಕರಗಿತ್ತು.

ಆದರೆ ಅಷ್ಟರಲ್ಲಿ ಆ ಕಂಪನಿಯ ಇಂಥ ಪ್ರಯೋಗಗಳಲ್ಲಿ ಬಹುಪಾಲು ನಿಂತುಹೋಗಿದ್ದವು. 2023ರ ಜನವರಿಯಲ್ಲಿ ದೊಡ್ಡ ಔಷಧಿ ಕಂಪನಿಯೊಂದರ ಜೊತೆಗಿನ ಅದರ ಒಪ್ಪಂದ ಮುರಿದುಬಿತ್ತು. ಫೇಟ್ ಹಲವು ಯೋಜನೆಗಳನ್ನು ಕೈಬಿಟ್ಟು ಸಿಬ್ಬಂದಿಯನ್ನೂ ಕಡಿತಗೊಳಿಸಿತು. ವೈಜ್ಞಾನಿಕ ಕಾರಣವೂ ಇತ್ತು. ರೋಗಿಯ ಸ್ವಂತ ಕಾರ್-ಟಿ ಕೋಶ ಮೈಯಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಹೊರಗಿನಿಂದ ಬಂದ ಎನ್‌ಕೆ ಕೋಶ ಕೆಲವೇ ವಾರಗಳಲ್ಲಿ ಮರೆಯಾಗುತ್ತದೆ, ಅದರೊಂದಿಗೆ ಗುಣವೂ ಕೈಜಾರುತ್ತದೆ. ಗಟ್ಟಿ ಗಡ್ಡೆಗಳ ಒಳಗೆ ನುಗ್ಗುವುದು ಇನ್ನೂ ಕಷ್ಟ. ರೋಗಿಯ ರೋಗನಿರೋಧಕ ಶಕ್ತಿಗೆ ಸಿಗದಂತೆ ಕೋಶವನ್ನು ಮರೆಮಾಡುವ ಜೀನ್ ತಿದ್ದುಪಡಿಗಳು, ಐಪಿಎಸ್ ಕೋಶದಿಂದ ಬೆಳೆಸಿದ ಟಿ ಕೋಶಗಳು ಈಗ ಪರೀಕ್ಷೆಯಲ್ಲಿವೆ. ಕ್ಯಾನ್ಸರಿಗೆಂದು ಮಾರುಕಟ್ಟೆಗೆ ಅನುಮತಿ ಪಡೆದ ಐಪಿಎಸ್ ಮೂಲದ ರೋಗನಿರೋಧಕ ಕೋಶ ಇನ್ನೂ ಒಂದೂ ಇಲ್ಲ.

ನಮ್ಮಲ್ಲಿ

ಭಾರತದಲ್ಲಿ ಮೊದಲ ಗೆಲುವು ರೋಗಿಯ ಸ್ವಂತ ಕೋಶದ ಹಾದಿಯಲ್ಲಿ ಬಂದಿದೆ. ಮುಂಬೈ ಐಐಟಿಯ ರಾಹುಲ್ ಪುರ್ವಾರ್ ತಂಡ ಟಾಟಾ ಸ್ಮಾರಕದ ವೈದ್ಯರೊಂದಿಗೆ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಅರ್ಪಿಸಿದರು. ಬೆಲೆ ಅಮೆರಿಕದ್ದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಬೆಂಗಳೂರಿನ ಇಮ್ಯುನೀಲ್ ಕಂಪನಿ, ಕಿರಣ್ ಮಜುಂದಾರ್ ಶಾ ಮತ್ತು ವೈದ್ಯ ಲೇಖಕ ಸಿದ್ಧಾರ್ಥ ಮುಖರ್ಜಿ ಸೇರಿ ಕಟ್ಟಿದ್ದು, ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಕಾರ್-ಟಿಯನ್ನು ಇಲ್ಲೇ ತಯಾರಿಸಿ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ತಂದಿತು. ಆಕರಕೋಶಗಳ ಮೂಲ ಸಂಶೋಧನೆಗೆ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಇನ್‌ಸ್ಟೆಮ್ ಎಂಬ ಸಂಸ್ಥೆ ಇದೆ. ಕಾರ್-ಟಿಯ ಬೆಲೆ ಹತ್ತರಲ್ಲೊಂದು ಎಂದರೂ ಅದು ಹತ್ತಾರು ಲಕ್ಷ ರೂಪಾಯಿ. ರೈತನ, ಕೂಲಿಯವನ ಮನೆಗೆ ಇದು ಎಟುಕುವ ಮಾತಲ್ಲ. ಒಂದು ಸೀಸೆಯಿಂದ ಸಾವಿರಾರು ಡೋಸು ಎಂಬ ವಿದ್ಯೆ ನಮ್ಮಂಥ ದೇಶಕ್ಕೆ ಬೇಕಾಗಿರುವುದು ಇದಕ್ಕೇ. ಸರ್ಕಾರ ಈ ಸಂಶೋಧನೆಗೆ ಕೈಬಿಚ್ಚಿ ಹಣ ಕೊಡಬೇಕು.

ಓದುಗರಲ್ಲಿ ಒಂದು ಕಳಕಳಿಯ ಮಾತು. 'ಸ್ಟೆಮ್ ಸೆಲ್ ಚಿಕಿತ್ಸೆ, ಕ್ಯಾನ್ಸರ್ ಪೂರ್ತಿ ವಾಸಿ' ಎಂಬ ಜಾಹೀರಾತು ಕಂಡರೆ ಹಣ ಕಟ್ಟುವ ಮುನ್ನ ನಿಲ್ಲಿ. ಐಸಿಎಂಆರ್ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಗೊತ್ತಾದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ ಆಕರಕೋಶದ ಬೇರೆಲ್ಲ ಬಳಕೆ ಇನ್ನೂ ಪ್ರಯೋಗವೇ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಅದಕ್ಕೆ ಹಣ ಕೇಳುವಂತಿಲ್ಲ. ಈ ಪ್ರಯೋಗ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ, ನೋಂದಣಿ ಸಂಖ್ಯೆ ಏನು ಎಂದು ಕೇಳಿ. ಉತ್ತರ ಸಿಗದಿದ್ದರೆ ಎದ್ದು ಬನ್ನಿ, ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕಾಣಿ. ಸೋತ ಆರು ರೋಗಿಗಳ ಲೆಕ್ಕವನ್ನೂ ಬಿಚ್ಚಿಟ್ಟವರಿಂದ ಬೆಳೆದ ವಿಜ್ಞಾನ ಇದು. ಲೆಕ್ಕ ತೋರಿಸದವರ ಕೈಗೆ ನಿಮ್ಮವರ ಪ್ರಾಣವನ್ನು ಒಪ್ಪಿಸಬೇಡಿ.